ಹಂದಿಯ ಖಾತೆ

ಮಕ್ಕಳೇ, ಸಿಟ್ಟು ಬಂದಾಗ ಗೆಳೆಯನನ್ನು 'ಹಂದಿ' ಎಂದು ಬೈದಿದ್ದೀರಾ? ಕೊಳಕ, ಹೊಟ್ಟೆಬಾಕ, ದಡ್ಡ, ಮೂರನ್ನೂ ಒಂದೇ ಮಾತಿನಲ್ಲಿ ಹೇಳಿದ ಹಾಗೆ! ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಯಾರ ಖಾತೆಯಾದರೂ ಜಮಾ, ಖರ್ಚು ಎರಡೂ ಕಡೆ ನೋಡುವ ಅಭ್ಯಾಸ. ಈ ವಾರ ಹಂದಿಯ ಖಾತೆ ತೆಗೆಯೋಣ.

ಮೊದಲು ಕೆಸರಿನ ವಿಷಯ. ಸೆಕೆಯಾದರೆ ನಾವು ಬೆವರುತ್ತೇವೆ, ಬೆವರು ಆರಿದಾಗ ಮೈ ತಂಪಾಗುತ್ತದೆ. ಹಂದಿಗೆ ನಮ್ಮಂತೆ ಬೆವರಲು ಬರುವುದಿಲ್ಲ. ಅದಕ್ಕೇ ಕೆಸರಿನಲ್ಲಿ ಹೊರಳುತ್ತದೆ. ಬರೀ ನೀರು ಬೇಗ ಆರಿಹೋಗುತ್ತದೆ. ಮೈಗೆ ಮೆತ್ತಿದ ಕೆಸರು ಬಹಳ ಹೊತ್ತು ತಂಪು ಕೊಡುತ್ತದೆ, ಬಿಸಿಲಿನಿಂದಲೂ ಕೀಟಗಳಿಂದಲೂ ಕಾಪಾಡುತ್ತದೆ. ಎಮ್ಮೆ ಕೆರೆಯ ಕೆಸರಿಗಿಳಿದರೆ ನಾವು ಬೈಯುತ್ತೇವೆಯೆ? ಇನ್ನೊಂದು ಮಾತು. ಸಾಕಷ್ಟು ಜಾಗ ಕೊಟ್ಟರೆ ಹಂದಿ ತಾನು ಮಲಗುವ ಕಡೆ ಗಲೀಜು ಮಾಡುವುದಿಲ್ಲ, ಅದಕ್ಕೆ ಬೇರೆ ಮೂಲೆಯನ್ನೇ ಆರಿಸಿಕೊಳ್ಳುತ್ತದೆ.

ಊರಹಂದಿಯ ಪೂರ್ವಜ ಕಾಡುಹಂದಿ. ನಮ್ಮ ಮಲೆನಾಡಿನ ಕಾಡುಗಳಲ್ಲೂ ಅದು ಇದೆ. ಅದರ ಮರಿಗಳ ಮೈಮೇಲೆ ಉದ್ದುದ್ದ ಪಟ್ಟೆಗಳಿರುತ್ತವೆ. ಗಿಡಗಳ ನೆರಳಿನಲ್ಲಿ ಅಡಗಿಕೊಳ್ಳಲು ಇವು ಅನುಕೂಲ. ಕೆಲವು ತಿಂಗಳಲ್ಲಿ ಮಾಯವಾಗುತ್ತವೆ. ಹಂದಿಯ ಮೂತಿಯ ತುದಿ ಬಿಲ್ಲೆಯಂತಿದೆಯಲ್ಲ, ಅದರೊಳಗೆ ಪುಟ್ಟ ಮೂಳೆಯೊಂದಿದೆ. ಆದ್ದರಿಂದಲೇ ನೆಲದಡಿಯ ಗೆಡ್ಡೆಯನ್ನು ಮೂಸಿ ಹಿಡಿದು, ನೇಗಿಲಿನಂತೆ ಮಣ್ಣು ಬಗೆದು ತೆಗೆಯಬಲ್ಲದು. ಸುಮಾರು 8ರಿಂದ 10 ಸಾವಿರ ವರ್ಷಗಳ ಹಿಂದೆ ಈಗಿನ ಟರ್ಕಿಯ ಕಡೆಯೂ ಚೀನಾದಲ್ಲೂ ಬೇರೆಬೇರೆಯಾಗಿ ಮನುಷ್ಯ ಅದನ್ನು ಪಳಗಿಸಿದ.

ನಾವು ಅದನ್ನು ಗೌರವಿಸಿದ್ದೂ ಉಂಟು. ಬಾದಾಮಿ ಚಾಲುಕ್ಯರ ಲಾಂಛನವೇ ವರಾಹ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹನನ್ನು ನೋಡಬಹುದು. ವಿಜಯನಗರದ ಕಾಲದಲ್ಲಿ ಚಿನ್ನದ ನಾಣ್ಯಕ್ಕೆ 'ವರಾಹ' ಎಂದೇ ಹೆಸರು. ಹಣ ಎಣಿಸಿಯೇ ಬದುಕಿದ ನನಗೆ ಇದು ಇಷ್ಟವಾದ ಸಂಗತಿ.

ಜಮಾ ಕಡೆಯ ದೊಡ್ಡ ಮೊತ್ತ ಇನ್ನೂ ಬಾಕಿ ಇದೆ. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಕ್ಕರೆ ಕಾಯಿಲೆಯ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟರು. ಅಲ್ಲಿಂದ ಸುಮಾರು 60 ವರ್ಷ ಈ ಔಷಧಿಯನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ. ನನ್ನ ಅಣ್ಣ ಆ ಕಾಲದಲ್ಲಿ ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಸಿಕೊಂಡ. ಸೀಸೆಯಲ್ಲಿದ್ದದ್ದು ಯಾವ ಪ್ರಾಣಿಯದೆಂದು ಮಡಿ ಮಾಡುವ ನಮ್ಮಮ್ಮನೂ ಕೇಳಲಿಲ್ಲ. ಮಗ ಬದುಕಿದನಲ್ಲ, ಅಷ್ಟು ಸಾಕಿತ್ತು.

ಇನ್ನು ಖರ್ಚಿನ ಕಡೆ. ಕಾಡಂಚಿನ ರೈತರ ಕಬ್ಬು, ಜೋಳ, ಗೆಣಸನ್ನು ಕಾಡುಹಂದಿ ರಾತ್ರೋರಾತ್ರಿ ಹಾಳುಮಾಡುತ್ತದೆ. ಆ ನಷ್ಟ ಸಣ್ಣದಲ್ಲ. ಊರಹಂದಿಯಿಂದ ಲಾಡಿಹುಳು ಬರುತ್ತದೆ ಎಂಬುದೂ ನಿಜ. ಸರಿಯಾಗಿ ಬೇಯಿಸದ ಮಾಂಸ ತಿಂದರೆ ಹುಳು ಕರುಳು ಸೇರುತ್ತದೆ. ಆದರೆ ಹಂದಿಗೆ ಅದು ಎಲ್ಲಿಂದ ಬಂತು? ಬಯಲಲ್ಲಿ ಬಿಟ್ಟ ಮನುಷ್ಯನ ಮಲದಿಂದ! ಅದೇ ಮೊಟ್ಟೆಗಳು ತೊಳೆಯದ ಕೈ, ತೊಳೆಯದ ಸೊಪ್ಪಿನ ಮೂಲಕ ನಮ್ಮ ಹೊಟ್ಟೆ ಸೇರಿದರೆ ಮರಿಹುಳು ಮಿದುಳಿಗೂ ಹೋಗಬಹುದು, ಫಿಟ್ಸ್ ಬರಬಹುದು. ಹಂದಿಮಾಂಸ ಮುಟ್ಟದ ಸಸ್ಯಾಹಾರಿಗೂ ಇದು ತಪ್ಪಿದ್ದಲ್ಲ.

ಅಂದರೆ ಹಂದಿಯ ಹೆಸರಿನಲ್ಲಿ ನಾವು ಬರೆದಿಟ್ಟ ಕೊಳಕಿನಲ್ಲಿ ಬಹುಪಾಲು ನಮ್ಮ ಖಾತೆಯದೇ. ತಿಪ್ಪೆ ಮಾಡಿದವರು ನಾವು, ಅಲ್ಲಿ ಮೇಯುವುದು ಅದು. ಶೌಚಾಲಯ ಬಳಸಿ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ, ಹಸಿಯಾಗಿ ತಿನ್ನುವ ತರಕಾರಿ ತೊಳೆದು ಕೊಡಲು ಅಮ್ಮನಿಗೆ ನೆರವಾಗಿ. ಇನ್ನು ಮುಂದೆ ಗೆಳೆಯನ ಮೇಲೆ ಸಿಟ್ಟು ಬಂದರೆ ಬೇರೆ ಬೈಗುಳ ಹುಡುಕಿಕೊಳ್ಳಿ. ಬೈಯದೇ ಇದ್ದರೆ ಇನ್ನೂ ಒಳ್ಳೆಯದು!