ಬರ್ಗರಿನ ಪ್ರಶ್ನೆ ಅಲ್ಲ, ಕ್ಯೂ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ

ಗಲ್ಫಿನ ಕೆಫೆಟೇರಿಯಾದಲ್ಲಿ ದುಡಿದು ಬಂದವರು ನಮ್ಮ ಪ್ರತಿ ಜಮಾಅತ್‌ನಲ್ಲೂ ಇದ್ದಾರೆ. ಹೊರಗೆ ಕಾರು ನಿಲ್ಲಿಸಿ ಒಂದು ಹಾರ್ನ್ ಹೊಡೆದರೆ ಸಾಕು, ಚಾ ಹಿಡಿದುಕೊಂಡು ಓಡಿ ಬರುವ ಹುಡುಗ ಎಷ್ಟೋ ಸಲ ನಮ್ಮ ಊರಿನವನೇ. ಕಾರಿನಿಂದ ಇಳಿಯದೆ ತಿಂಡಿ ಪಡೆಯುವುದು ನಮಗೆ ಹೊಸ ಸಂಗತಿ ಅಲ್ಲ.

ಅಮೆರಿಕದಲ್ಲಿ ಇದಕ್ಕೆಂದೇ ಬೇರೆ ಬಗೆಯ ಕಟ್ಟಡ ಉಂಟು. ಅದೇ ಡ್ರೈವ್-ಥ್ರೂ. ಕಾರು ಗೇಟಿನೊಳಗೆ ಬರುತ್ತದೆ, ಮೈಕಿನ ಹತ್ತಿರ ನಿಂತು ಆರ್ಡರ್ ಹೇಳುತ್ತಾರೆ, ಕಟ್ಟಡಕ್ಕೆ ಸುತ್ತು ಹಾಕಿ ಕಿಟಕಿಯಲ್ಲಿ ಪೊಟ್ಟಣ ಪಡೆದು ಹೊರಗೆ ಹೋಗುತ್ತಾರೆ. ಕ್ಯಾಲಿಫೋರ್ನಿಯಾದ ಇನ್-ಎನ್-ಔಟ್ ಇದನ್ನು 1948ರಲ್ಲೇ ಶುರು ಮಾಡಿತ್ತು. ಮೆಕ್‌ಡೊನಾಲ್ಡ್ಸ್‌ನ ಮೊದಲ ಡ್ರೈವ್-ಥ್ರೂ ತೆರೆದದ್ದು 1975ರಲ್ಲಿ, ಅರಿಜೋನಾದ ಸಿಯೆರಾ ವಿಸ್ಟಾದಲ್ಲಿ. ಹತ್ತಿರದ ಸೇನಾ ಶಿಬಿರದ ಸೈನಿಕರು ಸಮವಸ್ತ್ರದಲ್ಲಿ ಕಾರಿನಿಂದ ಇಳಿಯುವಂತಿರಲಿಲ್ಲ, ಅವರಿಗಾಗಿ ಗೋಡೆಯಲ್ಲೊಂದು ಕಿಟಕಿ ಮಾಡಿದರು.

ಇಷ್ಟು ಸಣ್ಣ ಕಿಟಕಿಗೆ ಅಲ್ಲಿನ ನಗರಾಡಳಿತಗಳು ತಿಂಗಳುಗಟ್ಟಲೆ ಪರಿಶೀಲನೆ ಯಾಕೆ ಮಾಡುತ್ತವೆ? ಅವರು ನೋಡುವುದು ಬರ್ಗರನ್ನಲ್ಲ, ಕ್ಯೂವನ್ನು.

ಒಂದು ಸರಳ ಲೆಕ್ಕ ಮಾಡಿ ನೋಡಿ. ನಿಮಿಷಕ್ಕೊಂದು ಕಾರು ಬರುತ್ತದೆ, ಒಂದು ಕಾರಿಗೆ ತಿಂಡಿ ಕೊಟ್ಟು ಕಳಿಸಲು ಒಂದೂವರೆ ನಿಮಿಷ ಬೇಕು ಅಂತ ಇಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ ಬಂದದ್ದು 60, ಹೋದದ್ದು 40. ಉಳಿದ 20 ಕಾರು ಎಲ್ಲಿ ನಿಲ್ಲಬೇಕು? ಒಂದು ಕಾರಿಗೆ 20 ಅಡಿ ಎಂದರೂ 400 ಅಡಿ ಆಯಿತು. ಜಾಗ ಅಂಗಡಿಯ ಕಂಪೌಂಡಿನೊಳಗೆ ಇದ್ದರೆ ಸರಿ. ಇಲ್ಲದಿದ್ದರೆ ಆ ಕ್ಯೂ ಬಂದು ನಿಲ್ಲುವುದು ಸಾರ್ವಜನಿಕ ರಸ್ತೆಯಲ್ಲಿ. ಲಾಭ ಅಂಗಡಿಗೆ, ಬಾಡಿಗೆ ಇಲ್ಲದ ಜಾಗ ಊರಿನದ್ದು.

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಆದದ್ದು ಇದೇ. ಆ ನಗರ ಹೊಸ ಡ್ರೈವ್-ಥ್ರೂಗಳನ್ನು ದಶಕಗಳ ಹಿಂದೆಯೇ ನಿಲ್ಲಿಸಿತ್ತು, ಹಳೆಯವು ಮಾತ್ರ ಉಳಿದಿದ್ದವು. ಅಂಥ ಒಂದು ಜಾಗದಲ್ಲಿ 2013ರಲ್ಲಿ ಚಿಕ್-ಫಿಲ್-ಎ ಅಂಗಡಿ ತೆರೆಯಿತು. ಗಿರಾಕಿಗಳು ಎಷ್ಟು ಬಂದರೆಂದರೆ ಕಾರುಗಳ ಸಾಲು ಸ್ಟೇಟ್ ಸ್ಟ್ರೀಟ್‌ನ ಒಂದು ಲೇನನ್ನೇ ಮುಚ್ಚಿತು, ಕೆಲವು ದಿನ ಎರಡು ಗಂಟೆಗೂ ಹೆಚ್ಚು. 2022ರಲ್ಲಿ ನಗರದ ಅಧಿಕಾರಿಗಳು ಇದನ್ನು ಸಾರ್ವಜನಿಕ ಉಪದ್ರವ ಎಂದು ಘೋಷಿಸಬೇಕೆಂದು ಕೌನ್ಸಿಲ್ ಮುಂದೆ ಇಟ್ಟರು. ಕೌನ್ಸಿಲ್ ಕೂಡಲೇ ಬಾಗಿಲು ಮುಚ್ಚಿಸಲಿಲ್ಲ, ಸರಿಪಡಿಸಲು ಸಮಯ ಕೊಟ್ಟಿತು. ಆದರೆ ಅಷ್ಟರೊಳಗೆ ಆ ರಸ್ತೆಯವರು ವರ್ಷಗಟ್ಟಲೆ ತೊಂದರೆ ಪಟ್ಟಾಗಿತ್ತು. ಒಮ್ಮೆ ತೆರೆದ ಅಂಗಡಿಯನ್ನು ಸರಿಪಡಿಸುವುದು ತೆರೆಯುವ ಮೊದಲು ಪ್ರಶ್ನೆ ಕೇಳುವುದಕ್ಕಿಂತ ಎಷ್ಟೋ ಕಷ್ಟ.

ಮಿನಿಯಾಪೊಲಿಸ್ ಇನ್ನೊಂದು ದಾರಿ ಹಿಡಿಯಿತು. 2019ರಲ್ಲಿ ಹೊಸ ಡ್ರೈವ್-ಥ್ರೂಗಳಿಗೆ ಪೂರ್ತಿ ನಿಷೇಧ ಹಾಕಿತು. ನಡೆದು ಹೋಗುವವರ ಸುರಕ್ಷೆ, ಇಂಜಿನ್ ಆಫ್ ಮಾಡದೆ ನಿಂತ ಕಾರುಗಳ ಹೊಗೆ, ಗದ್ದಲ, ಇವು ಕಾರಣ. ಇದರ ಇನ್ನೊಂದು ಮುಖವೂ ಉಂಟು. ನಡೆಯಲಾಗದ ಹಿರಿಯರು, ಹಿಂದಿನ ಸೀಟಿನಲ್ಲಿ ಮಲಗಿದ ಕೂಸನ್ನು ಎಬ್ಬಿಸಲಾಗದ ತಾಯಿ, ಇವರಿಗೆ ಡ್ರೈವ್-ಥ್ರೂ ದೊಡ್ಡ ಅನುಕೂಲ. ಹಾಗಾಗಿ ಬೇರೆ ಅನೇಕ ನಗರಗಳು ನಿಷೇಧಿಸುವುದಿಲ್ಲ, ಶರತ್ತು ಹಾಕುತ್ತವೆ. ಇಷ್ಟು ಕಾರು ಒಳಗೇ ನಿಲ್ಲಬೇಕು, ಮೈಕಿನ ಶಬ್ದ ಪಕ್ಕದ ಮನೆಗೆ ಕೇಳಬಾರದು, ರಾತ್ರಿ ಇಷ್ಟು ಗಂಟೆಗೆ ಮುಚ್ಚಬೇಕು ಅಂತ. ತೀರ್ಮಾನಕ್ಕೆ ಮೊದಲು ಅಕ್ಕಪಕ್ಕದವರಿಗೆ ನೋಟೀಸು ಕಳಿಸಿ ಬಹಿರಂಗ ಸಭೆಯಲ್ಲಿ ಮಾತಾಡಲು ಅವಕಾಶ ಕೊಡುತ್ತವೆ. ನನಗೆ ಈ ದಾರಿಯೇ ಹೆಚ್ಚು ನ್ಯಾಯ ಅಂತ ಕಾಣುತ್ತದೆ.

ನಮಗೂ ಇದಕ್ಕೂ ಏನು ಸಂಬಂಧ? ಸುರತ್ಕಲ್‌ನಿಂದ ತಲಪಾಡಿವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ನಮ್ಮ ಮನೆಗಳಿವೆ, ಮಸೀದಿಗಳಿವೆ, ಮಕ್ಕಳು ನಡೆದು ಬರುವ ಮದ್ರಸಗಳಿವೆ. ಹೆದ್ದಾರಿಗೆ ನೇರವಾಗಿ ಗೇಟು ತೆರೆಯಬೇಕಾದರೆ ಹೆದ್ದಾರಿ ಇಲಾಖೆಯ ಅನುಮತಿ ಬೇಕು. ಮಾಸ್ಟರ್ ಪ್ಲಾನ್‌ನಲ್ಲಿ ವಸತಿ ಎಂದಿರುವ ಜಾಗವನ್ನು ವಾಣಿಜ್ಯಕ್ಕೆ ಬದಲಿಸಬೇಕಾದರೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಅಂದರೆ ಕೇಳುವ ಹಕ್ಕು ನಮಗೂ ಉಂಟು. ಆದರೆ ಆ ಸಣ್ಣ ಅಕ್ಷರದ ಪ್ರಕಟಣೆ ಓದುವವರು ಯಾರು? ನಾವು ಪುಟ ತಿರುಗಿಸಿ ಮುಂದೆ ಹೋಗುತ್ತೇವೆ. ಕಟ್ಟಡ ಎದ್ದ ಮೇಲೆ ಚಾದಂಗಡಿಯಲ್ಲಿ ಕೂತು ಬೈಯುತ್ತೇವೆ.

ಇನ್ನೊಂದು ಮಾತು ನಮಗೇ ಹೇಳಿಕೊಳ್ಳಬೇಕು. ಹೋಟೆಲು, ಜ್ಯೂಸ್ ಅಂಗಡಿ ನಮ್ಮವರದ್ದೂ ಬಹಳ ಇವೆ. ಗಿರಾಕಿಗಳ ಕಾರು ಫುಟ್‌ಪಾತಿನ ಮೇಲೆ ಹತ್ತಿ ನಿಂತಿರುತ್ತದೆ, ಮಕ್ಕಳು ಬ್ಯಾಗು ಹೊತ್ತು ರಸ್ತೆಗೆ ಇಳಿದು ನಡೆಯುತ್ತಾರೆ. ದಾರಿಗೂ ಒಂದು ಹಕ್ಕುಂಟು ಅಂತ ಅದೇ ಮಕ್ಕಳಿಗೆ ಒಳಗೆ ನಾವು ಪಾಠ ಮಾಡುತ್ತೇವೆ. ದೊಡ್ಡ ಕಂಪೆನಿಗೆ ಒಂದು ನ್ಯಾಯ, ನಮ್ಮ ಕಾಕನ ಹೋಟೆಲಿಗೆ ಇನ್ನೊಂದು ನ್ಯಾಯ ಆಗುವುದಿಲ್ಲ.

ನಾಳೆ ನಿಮ್ಮ ಊರಿಗೆ ಇಂಥ ಅಂಗಡಿ ಬಂದರೆ ಬೇಡ ಅನ್ನಲು ಅವಸರ ಮಾಡಬೇಡಿ. ಅದರಿಂದ ನಾಲ್ಕು ಮಂದಿಗೆ ಕೆಲಸವೂ ಸಿಗಬಹುದು. ಮೂರು ಪ್ರಶ್ನೆ ಬರೆದು ಕೊಡಿ: ಕ್ಯೂ ಎಲ್ಲಿ ನಿಲ್ಲುತ್ತದೆ? ಕಾರು ಒಳಗೆ ಹೋಗುವ ಮತ್ತು ಹೊರಗೆ ಬರುವ ಜಾಗದಲ್ಲಿ ಮಕ್ಕಳು ಹೇಗೆ ದಾಟುತ್ತಾರೆ? ಒಪ್ಪಿದ ಶರತ್ತು ಮುರಿದರೆ ಯಾರು ಬಂದು ನೋಡುತ್ತಾರೆ? ಉತ್ತರ ಸರಿಯಿದ್ದರೆ ಅಂಗಡಿ ಬರಲಿ. ಆದರೆ ಕೇಳುವ ಕೆಲಸ ಕಟ್ಟಡದ ಪಾಯ ತೆಗೆಯುವ ಮೊದಲೇ ಆಗಬೇಕು.