ಸೋತ ತಂಡಕ್ಕೂ ಸಂಬಳವುಂಟು

2017ರ ಐಪಿಎಲ್ ಪಂದ್ಯಾವಳಿಯಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ 14 ಪಂದ್ಯಗಳಲ್ಲಿ ಗೆದ್ದದ್ದು ಮೂರೇ. ಎಂಟು ತಂಡಗಳಲ್ಲಿ ಕಟ್ಟಕಡೆಯ ಸ್ಥಾನ. ಏಪ್ರಿಲ್ 23ರಂದು ಕೋಲ್ಕತ್ತದಲ್ಲಿ ಬರೀ 49 ರನ್ನಿಗೆ ಎಲ್ಲರೂ ಔಟಾದರು. ಹೊಸೂರಿನ ನಮ್ಮ ಹುಡುಗರಿಗೂ ಅದು ಮನೆಯ ಸೋಲೇ ಆಗಿತ್ತು.

ಆದರೆ ಹರಾಜಿನಲ್ಲಿ ಗೊತ್ತಾದ ಆಟಗಾರರ ಹಣ ಸೋಲಿನಿಂದ ಕಡಿಮೆಯಾಗುವುದಿಲ್ಲ; ಕರಾರು ಬರಹದಲ್ಲಿರುತ್ತದೆ. ನಾಯಕ ವಿರಾಟ್ ಕೊಹ್ಲಿಯವರನ್ನು 2018ಕ್ಕೆ 17 ಕೋಟಿ ರೂಪಾಯಿ ಕೊಟ್ಟು ಉಳಿಸಿಕೊಂಡರು. 2025ರಲ್ಲಿ ತಂಡ ಕಪ್ಪನ್ನೂ ಗೆದ್ದಿತು.

ಇದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ನಾವು ಕೇಳುವುದಿಷ್ಟೆ: ಆರ್ಡರು ಇಳಿದ ತಿಂಗಳು ಗುತ್ತಿಗೆ ಕಾರ್ಮಿಕನನ್ನೇ ಮೊದಲು ಗೇಟಿನ ಹೊರಗೆ ನಿಲ್ಲಿಸುವುದೇಕೆ? ಆರ್ಡರು ತಪ್ಪಿದ್ದು ಅವನ ಕೈಯಿಂದಲ್ಲ. ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ದ್ರಾಕ್ಷಿತೋಟದ ಯಜಮಾನನು ಸಂಜೆ ಬಂದವನಿಗೂ ಪೂರ್ತಿ ದಿನಗೂಲಿ ಕೊಟ್ಟನು. ಒಲೆಯ ಮೇಲಿನ ಪಾತ್ರೆಗೆ ಕಂಪನಿಯ ಲಾಭನಷ್ಟ ತಿಳಿಯದು.

ಸಹೋದರರೇ, ಕಾಯಂ ಆದವರು ಬೋನಸ್ ಮಾತುಕತೆಗೆ ಕೂರುವಾಗ ಗುತ್ತಿಗೆಯವರಿಗೂ ಬರಹದ ಕರಾರು ಕೇಳೋಣ. ಅವರನ್ನು ಹೊರಗೆ ಬಿಟ್ಟು ಗೆದ್ದರೆ ಅದು ಸಂಘದ ಗೆಲುವಲ್ಲ.