ಕಾಡು ಸೈಟಲ್ಲ

ಇಂಗ್ಲೆಂಡಿನಲ್ಲಿ ಕಾಡು ಕೊಳ್ಳಬಹುದು. ನಾವು ಶಿವಮೊಗ್ಗದಲ್ಲೋ ಹಾಸನದಲ್ಲೋ ಮೂವತ್ತು-ನಲವತ್ತರ ಸೈಟು ಕೊಳ್ಳುವ ಹಾಗೆ ಅಲ್ಲಿ ಸಂಬಳದ ಜನ ಮೂರೆಕರೆ, ಐದೆಕರೆ ಕಾಡನ್ನು ದುಡ್ಡು ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ. ಕಾಡೆಂದರೆ ಸರ್ಕಾರದ್ದು, ಗಾರ್ಡು ಬಂದು ಗದರಿಸುವ ಜಾಗ ಎಂದೇ ತಿಳಿದು ಬೆಳೆದ ನಮಗೆ ಇದು ವಿಚಿತ್ರವೇ ಸರಿ. ಆದರೆ ಆ ದೇಶದ ಕಾಡಿನಲ್ಲಿ ಹೆಚ್ಚಿನ ಪಾಲು ಖಾಸಗಿಯವರದು. ನೂರಾರು ಎಕರೆಯ ಹಳೆಯ ಕಾಡನ್ನು ಇಡಿಯಾಗಿ ಕೊಂಡು, ತುಂಡು ಮಾಡಿ, ತುಂಡಿಗೊಂದು ಮುದ್ದಾದ ಹೆಸರಿಟ್ಟು ಮಾರುವ ವ್ಯಾಪಾರಿಗಳಿದ್ದಾರೆ. ಎಕರೆಗೆ ಹತ್ತು ಸಾವಿರ ಪೌಂಡು ದಾಟುವುದು ಮಾಮೂಲು.

ನನ್ನ ತಂಗಿಯ ಮಗ ಹೆಂಡತಿ ಮಕ್ಕಳೊಡನೆ ಕೆಂಟ್ ಪ್ರಾಂತದಲ್ಲಿದ್ದಾನೆ. ಅಲ್ಲೊಂದು ಮೂರೆಕರೆಯ ಕಾಡನ್ನು ಅವರು ನೋಡಿಟ್ಟಿದ್ದಾರೆ. ಓಕ್, ಆಶ್, ಬರ್ಚ್ ಮರಗಳು, ಅವುಗಳ ಕೆಳಗೆ ಹೇಜಲ್ ಪೊದೆ, ಒಂದು ಮೂಲೆಯಲ್ಲಿ ಚೆಸ್ಟ್‌ನಟ್. ಬೆಲೆ ನಲವತ್ತು ಸಾವಿರ ಪೌಂಡು, ನಮ್ಮ ಲೆಕ್ಕದಲ್ಲಿ ನಲವತ್ತು ಲಕ್ಷಕ್ಕೂ ಮೇಲೆ. ಸುದ್ದಿ ಊರಿಗೆ ಮುಟ್ಟಿದ್ದೇ ತಡ, ನಮ್ಮ ಬಳಗದಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. "ಮನೆ ಕಟ್ಟೋಕೆ ಬಿಡ್ತಾರಾ? ಇಲ್ಲ. ಗದ್ದೆ ಮಾಡೋಕೆ ಬಿಡ್ತಾರಾ? ಅದೂ ಇಲ್ಲ. ಮತ್ತೆ ಯಾವ ಸಂಪತ್ತಿಗೆ?" ಎಂದು ನನ್ನ ಭಾವನವರು ಕೇಳಿದರು. ಎಲ್ಲರೂ ತಲೆಯಾಡಿಸಿದರು.

ಈ ಪ್ರಶ್ನೆಯಲ್ಲೇ ನಮ್ಮ ಪಟ್ಟಣಗಳ ರೋಗ ಇದೆ. ನೆಲವೆಂದರೆ ನಮಗೆ ಸೈಟು. ಕೊಳ್ಳಬೇಕು, ನಾಲ್ಕು ಕಲ್ಲು ನೆಡಬೇಕು, ತಂತಿ ಎಳೆಯಬೇಕು, ಬೆಲೆ ಏರುವುದನ್ನು ಕಾಯಬೇಕು. ಅಲ್ಲಿ ಪಾರ್ಥೇನಿಯಂ ಬೆಳೆದರೂ ಪಕ್ಕದ ಮನೆಯವರು ಕಸ ಸುರಿದರೂ ಚಿಂತೆಯಿಲ್ಲ, ಪತ್ರ ಬೀರುವಿನಲ್ಲಿದ್ದರಾಯಿತು. ಈ ಕಣ್ಣಿನಿಂದ ನೋಡಿದರೆ ಮನೆ ಕಟ್ಟಲಾಗದ ಕಾಡು ಹುಚ್ಚರ ಸಂತೆಯೇ. ಅಲ್ಲಿನ ಕೆಲವು ಇಂಗ್ಲಿಷರೂ ಇದೇ ಕಣ್ಣಿನವರು. ಇವತ್ತು ಕಾಡು, ನಾಳೆ ಯೋಜನಾ ಇಲಾಖೆಯವರು ಅನುಮತಿ ಕೊಟ್ಟಾರು, ನಾಡಿದ್ದು ಬಂಗಲೆ ಎಂದು ಕಾಯುತ್ತಾರೆ. ಆ ಅನುಮತಿ ಬಹುಮಟ್ಟಿಗೆ ಸಿಗುವುದಿಲ್ಲ, ಸಿಗಬಾರದು ಕೂಡ. ಇಂಗ್ಲೆಂಡಿನ ನೆಲದಲ್ಲಿ ಕಾಡು ಇರುವುದು ನೂರಕ್ಕೆ ಹತ್ತು ಪಾಲು ಮಾತ್ರ. ಫ್ರಾನ್ಸಿನಲ್ಲಿ, ಜರ್ಮನಿಯಲ್ಲಿ ಮೂವತ್ತರ ಆಸುಪಾಸು. ಇರುವ ಹತ್ತನ್ನೂ ಬಂಗಲೆಗೆ ಕೊಟ್ಟರೆ ಉಳಿಯುವುದೇನು?

ಹಾಗಾದರೆ ನಾನು ಹುಡುಗನ ಪಕ್ಷವೇ? ಪೂರ್ತಿ ಅಲ್ಲ. ನನ್ನ ನಿಜವಾದ ಜಗಳ ಇರುವುದು ಅವನೊಂದಿಗೇ. ಫೋನಿನಲ್ಲಿ ಅವನು ಹೆಮ್ಮೆಯಿಂದ ಹೇಳಿದ: "ದೊಡ್ಡಮ್ಮ, ನಾವು ಒಂದು ಕೊಂಬೆನೂ ಮುಟ್ಟಲ್ಲ. ಹಾಗೇ ಬಿಟ್ಟು ಕಾಪಾಡ್ತೀವಿ." ಕೇಳಲು ಎಷ್ಟು ಚೆನ್ನ! ಮರ ಕಡಿಯುವುದು ಪಾಪ ಎಂದು ನಾವೇ ಶಾಲೆಯಲ್ಲಿ ಪ್ರಬಂಧ ಬರೆಸುತ್ತೇವಲ್ಲ, ಅದೇ ಪಾಠ. ಆದರೆ ದಕ್ಷಿಣ ಇಂಗ್ಲೆಂಡಿನ ಹಳೆಯ ಕಾಡಿನ ಮಟ್ಟಿಗೆ ಇದು ಕಾಪಾಡುವುದಲ್ಲ, ಕೈತೊಳೆದುಕೊಳ್ಳುವುದು.

ಆ ಕಾಡುಗಳು ಮನುಷ್ಯರ ಕತ್ತಿಯ ಜೊತೆಗೇ ಬೆಳೆದವು. ಹೇಜಲ್, ಆಶ್, ಚೆಸ್ಟ್‌ನಟ್‌ಗಳನ್ನು ಚಳಿಗಾಲದಲ್ಲಿ ಬುಡಕ್ಕೆ ಕಡಿದರೆ ಅವು ಸಾಯುವುದಿಲ್ಲ; ಬೊಡ್ಡೆಯಿಂದ ಹತ್ತಾರು ಚಿಗುರು ನೆಟ್ಟಗೆ ಏಳುತ್ತವೆ. ಏಳೆಂಟು ವರ್ಷಕ್ಕೋ ಹದಿನೈದು ವರ್ಷಕ್ಕೋ ಮತ್ತೆ ಕಡಿಯುವುದು. ಇದಕ್ಕೆ ಅವರು ಕಾಪಿಸ್ ಎನ್ನುತ್ತಾರೆ. ಸೌದೆ, ಬೇಲಿ, ಕುರಿ ಕೂಡುವ ತಡಿಕೆ, ಕೆಂಟ್‌ನ ಹಾಪ್ ಬಳ್ಳಿಗೆ ಊರುಗೋಲು ಎಲ್ಲವೂ ಇದರಿಂದಲೇ. ನಡುನಡುವೆ ಓಕ್ ಮರಗಳನ್ನು ಮನೆಯ ತೊಲೆಗೆಂದು ಎತ್ತರಕ್ಕೆ ಬಿಡುತ್ತಿದ್ದರು. ಸಫೋಕ್‌ನ ಬ್ರಾಡ್‌ಫೀಲ್ಡ್ ಕಾಡಿನಲ್ಲಿ 1252ರಿಂದ ಈ ಕೆಲಸ ನಡೆದುಬಂದಿದೆ. ಅಲ್ಲಿನ ಒಂದು ಆಶ್ ಬೊಡ್ಡೆಗೆ ಸಾವಿರ ವರ್ಷ ವಯಸ್ಸಿರಬಹುದೆಂದು ತಿಳಿದವರು ಹೇಳುತ್ತಾರೆ. ಕಡಿಯದೆ ಬಿಟ್ಟ ಆಶ್ ಮರ ಅಷ್ಟು ಕಾಲ ಬದುಕುವುದಿಲ್ಲ. ಕಡಿದದ್ದಕ್ಕೇ ಅದು ಬದುಕಿತು!

ಒಂದು ತುಂಡು ಕಡಿದಾಗ ನೆಲಕ್ಕೆ ಬಿಸಿಲು ಬೀಳುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದ ಬೀಜಗಳು ಏಳುತ್ತವೆ. ಪ್ರಿಮ್‌ರೋಸ್, ವಯೊಲೆಟ್ ಅರಳುತ್ತವೆ, ಬ್ಲೂಬೆಲ್ ನೀಲಿಯಾಗಿ ಹಾಸುತ್ತದೆ. ಕ್ಯಾಂಟರ್ಬರಿಯ ಹತ್ತಿರದ ಬ್ಲೀನ್ ಕಾಡಿನಲ್ಲಿ ಹೀತ್ ಫ್ರಿಟಿಲರಿ ಎಂಬ ಅಪರೂಪದ ಚಿಟ್ಟೆ ಇದೆ. ಅದರ ಹುಳು ತಿನ್ನುವ ಗಿಡ ಹೀಗೆ ಹೊಸದಾಗಿ ಕಡಿದ ಬಿಸಿಲು ಜಾಗದಲ್ಲಿ ಹುಲುಸಾಗಿ ಬೆಳೆಯುತ್ತದೆ. ಕಡಿಯುವವನು ಮುಂದಿನ ತುಂಡಿಗೆ ಹೋದರೆ ಚಿಟ್ಟೆಯೂ ಅವನ ಹಿಂದೆ ಹೋಗುತ್ತದೆ. ಹೇಜಲ್ ಪೊದೆಯಲ್ಲಿ ಬದುಕುವ ಡಾರ್‌ಮೌಸ್ ಎಂಬ ಪುಟ್ಟ ಹೊಂಬಣ್ಣದ ಪ್ರಾಣಿಯ ಕಥೆಯೂ ಇಂಥದೇ. ಕಾಯಿ ಬಿಡುವಷ್ಟು ಬೆಳೆದ, ಆದರೆ ದೊಡ್ಡ ಮರದ ನೆರಳಿನಲ್ಲಿ ಸೊರಗಿಹೋಗದ ಹೇಜಲ್ ಅದಕ್ಕೆ ಬೇಕು. ಹಾಗಾಗಿ ಕಾಡನ್ನು ಒಂದೇ ಸಲ ಬೋಳಿಸಲೂ ಬಾರದು, ಕತ್ತಿ ಎತ್ತದೆ ಕೂರಲೂ ಬಾರದು. ಚೂರು ಚೂರು ಸರದಿಯಲ್ಲಿ ನಡೆಯಬೇಕು.

ಕಲ್ಲಿದ್ದಲು, ಕಬ್ಬಿಣದ ತಂತಿ, ಪ್ಲಾಸ್ಟಿಕ್ ಬಂದ ಮೇಲೆ ಈ ಕಡ್ಡಿಗಳನ್ನು ಕೇಳುವವರಿಲ್ಲವಾದರು. ಕಾಡುಗಳು ಕತ್ತಲಾದವು. ಕೇಂಬ್ರಿಜ್‌ನ ಆಲಿವರ್ ರಾಕಮ್ (1939-2015) ಜೀವಮಾನವಿಡೀ ಹಳೆಯ ದಫ್ತರಗಳನ್ನೂ ಬೊಡ್ಡೆಗಳನ್ನೂ ಓದಿ ತೋರಿಸಿದ್ದು ಇದನ್ನೇ: ಆ ನಾಡಿನ ಕಾಡು ಹಾಳಾದದ್ದು ಸೌದೆ ಕಡಿದವರಿಂದಲ್ಲ. ಬೊಡ್ಡೆ ಕಿತ್ತು ಹೊಲ ಮಾಡಿದವರಿಂದ, 1945ರ ನಂತರ ಹಳೆಯ ಮರಗಳಿಗೆ ವಿಷ ಹಾಕಿ ಸೂಚಿಪರ್ಣಿ ಮರಗಳ ಸಾಲು ನೆಟ್ಟವರಿಂದ. ಜನರಿಗೆ ಪ್ರಯೋಜನಕ್ಕೆ ಬರುತ್ತಿದ್ದ ಕಾಡು ಉಳಿಯುತ್ತಿತ್ತು.

ಮಲೆನಾಡಿನ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇದ್ದ ಮನೆಯಲ್ಲಿ ಹುಟ್ಟಿದವಳು ನಾನು. ತುದಿ ಬಿಟ್ಟು ಸೊಪ್ಪು ಕಡಿ, ಒಂದೇ ಮರಕ್ಕೆ ವರ್ಷವೂ ಹೋಗಬೇಡ ಎಂದು ಅಜ್ಜ ಆಳುಗಳಿಗೆ ಹೇಳುತ್ತಿದ್ದರು. ಆ ಮಾತು ಮರೆತವರ ಬೆಟ್ಟ ಬೋಳಾಯಿತು, ಅದೂ ನಿಜ.

ಮುಟ್ಟದೆ ಬಿಟ್ಟರೆ ಪ್ರಕೃತಿಯೇ ನೋಡಿಕೊಳ್ಳುತ್ತದೆ ಎನ್ನುವವರಿಗೆ ಇನ್ನೊಂದು ಮಾತು. ಯಾವ ಪ್ರಕೃತಿ? ಆ ದ್ವೀಪದಲ್ಲಿ ತೋಳ ಅಳಿದು ಶತಮಾನಗಳಾದವು. ಜಿಂಕೆಗಳನ್ನು ತಡೆಯುವವರಿಲ್ಲ. ಚೀನಾದಿಂದ ಶೋಕಿಗೆ ತಂದ ಮಂಟ್‌ಜಾಕ್ ಎಂಬ ಗಿಡ್ಡ ಜಿಂಕೆ ಬೊಡ್ಡೆಯ ಚಿಗುರನ್ನೂ ಹೂವನ್ನೂ ಮೇಯುತ್ತದೆ. ಅಮೆರಿಕದಿಂದ ತಂದ ಬೂದು ಅಳಿಲು ಎಳೆಯ ಮರಗಳ ತೊಗಟೆ ಸುಲಿಯುತ್ತದೆ. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಕಂಡ ಒಂದು ಶಿಲೀಂಧ್ರ ಆಶ್ ಮರಗಳನ್ನು ಒಣಗಿಸುತ್ತಿದೆ. ಒಣಗಿದ ಮರ ರಸ್ತೆಯ ಮೇಲೆ ಬಿದ್ದು ಯಾರಿಗಾದರೂ ಪೆಟ್ಟಾದರೆ ಕೋರ್ಟು ಕೇಳುವುದು ಪ್ರಕೃತಿಯನ್ನಲ್ಲ, ಮಾಲೀಕನನ್ನು. ಅದಕ್ಕೇ ವಿಮೆ ಮಾಡಿಸುತ್ತಾರೆ.

ಕಾನೂನು ಕೈ ಕಟ್ಟುತ್ತದೆ ಎಂದೂ ಹುಡುಗ ಹೇಳಿದ. ಕಟ್ಟುತ್ತದೆ, ಆದರೆ ಸಣ್ಣ ಮಾಲೀಕನ ಕೆಲಸಕ್ಕೆ ಜಾಗ ಬಿಟ್ಟೇ ಕಟ್ಟುತ್ತದೆ. ಮೂರು ತಿಂಗಳಿಗೆ 5 ಘನ ಮೀಟರ್‌ವರೆಗೆ ಲೈಸೆನ್ಸಿಲ್ಲದೆ ಕಡಿಯಬಹುದು, ಅದರಲ್ಲಿ ಮಾರುವುದು 2 ಘನ ಮೀಟರ್ ಮೀರಬಾರದು. ಕಾಪಿಸ್ ಬೊಡ್ಡೆಯ ಕಡ್ಡಿ ಎದೆಮಟ್ಟದಲ್ಲಿ 15 ಸೆಂಟಿಮೀಟರ್ ದಪ್ಪ ಮೀರದಿದ್ದರೆ ಆ ಲೈಸೆನ್ಸೂ ಬೇಡ. ವಿಶೇಷ ರಕ್ಷಣೆಯ ಆದೇಶವಿರುವ ಕಾಡಿಗೆ, ಡಾರ್‌ಮೌಸ್ ಇರುವ ಕಡೆ, ಬೇರೆ ನಿಯಮಗಳಿವೆ. ಕೇಳಿ ತಿಳಿದು ಮಾಡಬೇಕು. ಮುಟ್ಟದಿರಲು ಇದು ನೆಪವಾಗಲಾರದು.

ಇನ್ನು ಬೋರ್ಡಿನ ವಿಷಯ. ತುಂಡು ಕಾಡು ಕೊಂಡವರು ಮೊದಲು ಮಾಡುವ ಕೆಲಸ, ಬಾಗಿಲಿಗೆ 'ಖಾಸಗಿ' ಎಂದು ಹಲಗೆ ಹೊಡೆಯುವುದು. ಮುನ್ನೂರು ಎಕರೆಯ ಒಂದು ಕಾಡಿಗೆ ಎಂಬತ್ತು ಬಾಗಿಲು, ಎಂಬತ್ತು ಹಲಗೆ ಆದರೆ ಚೆನ್ನಾಗಿರುತ್ತದೆಯೇ? ಪುಣ್ಯಕ್ಕೆ ಆ ದೇಶದಲ್ಲಿ ಸಾರ್ವಜನಿಕ ಕಾಲುದಾರಿ ಎಂಬ ಹಕ್ಕಿದೆ. ನಕ್ಷೆಯಲ್ಲಿ ದಾರಿ ಇದ್ದರೆ ಅದು ನಿಮ್ಮ ಕಾಡಿನ ನಡುವೆಯೇ ಹಾದರೂ ಮುಚ್ಚುವಂತಿಲ್ಲ. ಕಾಡಿನ ಮೇಲೆ ಅಲ್ಲಿನ ಜನರಿಗೆ ಎಷ್ಟು ಅಭಿಮಾನ ಎಂಬುದನ್ನು ಸರ್ಕಾರವೇ ಕಲಿತಿದೆ. ಸರ್ಕಾರಿ ಕಾಡುಗಳನ್ನು ಮಾರುವ ಯೋಜನೆ ಹೊರಬಿದ್ದಾಗ ಐದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2011ರ ಫೆಬ್ರುವರಿಯಲ್ಲಿ ಮಂತ್ರಿಣಿ ಕ್ಯಾರೊಲಿನ್ ಸ್ಪೆಲ್‌ಮನ್ ಸಂಸತ್ತಿನಲ್ಲಿ ಕ್ಷಮೆ ಕೇಳಿ ಅದನ್ನು ಕೈಬಿಡಬೇಕಾಯಿತು.

ಹೆಂಗಸರಿಗೆ ಇದೆಲ್ಲ ಎಲ್ಲಿ ಸಾಧ್ಯ ಎನ್ನುವ ಓದುಗರಿಗೆ ಲಂಡನ್ನಿನ ರೂತ್ ಪೇವಿ ಅವರ ಹೆಸರು ಹೇಳುತ್ತೇನೆ. 1999ರಲ್ಲಿ ಅವರು ಸಾಮರ್‌ಸೆಟ್‌ನಲ್ಲಿ ನಾಲ್ಕೆಕರೆ ಪೊದೆಗಾಡು ಕೊಂಡು, ಸ್ವಂತ ಕೈಯಿಂದ ದುಡಿದು, 2017ರಲ್ಲಿ ಅದರ ಕಥೆಯನ್ನು ಪುಸ್ತಕ ಮಾಡಿದರು. ನಿವೃತ್ತಿಯ ದುಡ್ಡಿನಲ್ಲಿ ಮಕ್ಕಳಿಗೆ ಸೈಟು, ಸೊಸೆಗೆ ಸರ ಎಂದು ಲೆಕ್ಕ ಹಾಕುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ.

ಹುಡುಗನಿಗೆ ನಾನು ಹೇಳಿ ಕಳಿಸಿದ್ದು ಇಷ್ಟು. ಜಿಂಕೆ ಬೇಲಿಗೆ ಎಷ್ಟಾಗುತ್ತದೆ, ವಿಮೆಗೆ ಎಷ್ಟಾಗುತ್ತದೆ, ಮೊದಲು ಕೂಡಿಸಿ ನೋಡು. ನಕ್ಷೆಯಲ್ಲಿ ಕಾಲುದಾರಿ ಇದೆಯೇ ನೋಡು. ಇದ್ದರೆ ಬೆಲೆ ಇಳಿಸು ಎಂದು ಚೌಕಾಶಿ ಮಾಡಬೇಡ, ಸಂತೋಷಪಡು. ಮೂರೆಕರೆಯನ್ನು ಹತ್ತು ಪಾಲು ಮಾಡು, ಚಳಿಗಾಲಕ್ಕೊಂದು ಪಾಲು ಕಡಿ, ಕಡ್ಡಿಗಳನ್ನು ಊರಿನವರ ಅವರೆ ಬಳ್ಳಿಗೆ ಕೊಡು. ಆಗದಿದ್ದರೆ ಕೊಳ್ಳಲೇಬೇಡ, ಮಾಡುವವರು ಯಾರಾದರೂ ಕೊಳ್ಳಲಿ. ಅವನು ಉತ್ತರ ಕೊಡಲಿಲ್ಲ. ಅವನ ಹೆಂಡತಿ ಮಾತ್ರ ಮರುದಿನವೇ ಫೋನ್ ಮಾಡಿ, ಅಲ್ಲಿ ಹೇಜಲ್ ಕಡಿಯುವುದನ್ನು ಹೇಳಿಕೊಡುವ ಎರಡು ದಿನದ ತರಬೇತಿಗೆ ಹೆಸರು ಕೊಟ್ಟಿರುವುದಾಗಿಯೂ, ನಮ್ಮ ಮನೆಯ ಹಳೆಯ ಸೊಪ್ಪಿನ ಕತ್ತಿಯ ಹಿಡಿಯ ಅಳತೆ ಬೇಕೆಂದೂ ಹೇಳಿದಳು.